ಹೊಗೆ ಬಂತು ಅಂತ ಆಯಿಲ್ ಅರ್ಧ ಮಾಡಬೇಡಿ

ಕೆಆರ್‌ಎಸ್ ಗೇಟು ತೆಗೆಯುತ್ತಾರಂತೆ ಅನ್ನುವ ಸುದ್ದಿ ಬಂದರೆ ಸಾಕು, ನನ್ನ ಫೋನಿಗೆ ಪುರುಸೊತ್ತಿಲ್ಲ. ವರ್ಷವಿಡೀ ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿದ್ದ ದೋಣಿ ಮೋಟಾರುಗಳು ಆಗ ಎಲ್ಲರಿಗೂ ಒಟ್ಟಿಗೇ ನೆನಪಾಗುತ್ತವೆ. ದೂರು ಒಂದೇ: "ಸಾರ್, ಸ್ಟಾರ್ಟ್ ಮಾಡಿದ್ರೆ ಬರೀ ಹೊಗೆ. ಒಂದು ನಿಮಿಷ ಓಡಿ ನಿಂತೋಗುತ್ತೆ." ಅಲ್ಲಿಗೆ ಫೋನ್ ಇಟ್ಟರೆ ನನಗೇನೂ ಬೇಜಾರಿಲ್ಲ. ಆದರೆ ಇನ್ನೊಂದು ಮಾತು ಬಂದೇ ಬರುತ್ತದೆ: "ಆಯಿಲ್ ಜಾಸ್ತಿ ಆಗಿತ್ತು ಅನ್ಸುತ್ತೆ, ಅದಕ್ಕೇ ಈ ಸಲ ಅರ್ಧ ಹಾಕಿದೀನಿ."

ಈ ಹಳೇ ಮೋಟಾರುಗಳು ಟೂ-ಸ್ಟ್ರೋಕ್, ಅಂದರೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವಂಥವು. ಆ ಆಯಿಲ್ ಅರ್ಧ ಮಾಡುವ ಬಗ್ಗೆಯೇ ಇವತ್ತು ಬರೆಯಬೇಕು. ಗೇರ್ ಆಯಿಲ್ ನೋಡುವುದು, ನೀರಿಲ್ಲದೆ ಮೋಟಾರ್ ಓಡಿಸಬಾರದು ಅನ್ನುವುದು ದೋಣಿ ಇಟ್ಟುಕೊಂಡವರಿಗೆ ಗೊತ್ತಿರುತ್ತದೆ, ಬಿಡಿ.

ಮೈಸೂರಿನವರಿಗೆ ಟೂ-ಸ್ಟ್ರೋಕ್ ಹೊಗೆ ಹೊಸದಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಜಾವಾ, ಯೆಜ್ದಿ ಬೈಕುಗಳು ಇದೇ ಊರಿನಲ್ಲಿ ತಯಾರಾಗುತ್ತಿದ್ದವು. ನನಗೆ ಕೆಲಸ ಕಲಿಸಿದವರು ಆ ಬೈಕುಗಳನ್ನೇ ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡವರು. ಬೆಳಿಗ್ಗೆ ಮೊದಲ ಕಿಕ್ಕಿಗೆ ಹೊಗೆ ಬಂದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೊಗೆ ಬರದಿದ್ದರೆ ಮಾತ್ರ ಟ್ಯಾಂಕ್ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದರು, ಆಯಿಲ್ ಹಾಕಿದ್ದಾರೋ ಇಲ್ಲವೋ ಅಂತ.

ಹಳೇ ಟೂ-ಸ್ಟ್ರೋಕ್ ಮೋಟಾರಿನಲ್ಲಿ ಕಾರಿಗಿರುವ ಹಾಗೆ ಆಯಿಲ್ ತುಂಬಿಡುವ ಬೇರೆ ಸಂಪ್ ಇಲ್ಲ. ಪಿಸ್ಟನ್, ರಿಂಗು, ಕ್ರ್ಯಾಂಕಿನ ಬೇರಿಂಗು, ಎಲ್ಲದಕ್ಕೂ ಪೆಟ್ರೋಲಿನ ಜೊತೆ ಹೋಗುವ ಆಯಿಲೇ ಗತಿ. 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್ ಅಂದರೆ ಲೀಟರಿಗೆ 20 ಎಂಎಲ್, 10 ಲೀಟರಿಗೆ 200 ಎಂಎಲ್. ಇನ್ನೂ ಹಳೇ ಮೋಟಾರುಗಳಲ್ಲಿ ಕೆಲವು 25ಕ್ಕೆ 1 ಕೇಳುತ್ತವೆ, ಅಂದರೆ ಇದರ ಎರಡರಷ್ಟು. ನಿಮ್ಮದಕ್ಕೆ ಎಷ್ಟು ಅನ್ನುವುದಕ್ಕೆ ಮೋಟಾರಿನ ಪುಸ್ತಕ ನೋಡಿ, ನನ್ನ ಮಾತನ್ನೂ ನಂಬಬೇಡಿ. ತಣ್ಣಗಿರುವ ಇಂಜಿನ್‌ನಲ್ಲಿ ಈ ಆಯಿಲ್ ಪೂರ್ತಿ ಉರಿಯುವುದಿಲ್ಲ. ಮೋಟಾರ್ ತಿಂಗಳುಗಟ್ಟಲೆ ನಿಂತಿದ್ದರೆ ಒಳಗಿನ ಪೆಟ್ರೋಲ್ ಆರಿ ಆಯಿಲ್ ಮಾತ್ರ ತಳದಲ್ಲಿ ಉಳಿದಿರುತ್ತದೆ. ಸ್ಟಾರ್ಟ್ ಮಾಡಿದಾಗ ಮೊದಲು ಉರಿಯುವುದು ಅದೇ. ಒಂದೆರಡು ನಿಮಿಷ ನೀಲಿ ಹೊಗೆ ಬಂದು ಕಮ್ಮಿಯಾದರೆ ಅದು ರೋಗ ಅಲ್ಲ.

ಹಾಗಾದರೆ ನಿಲ್ಲುವುದೇಕೆ? ಆಯಿಲ್‌ಗೂ ಅದಕ್ಕೂ ಸಾಮಾನ್ಯವಾಗಿ ಸಂಬಂಧವೇ ಇಲ್ಲ. ಹೋದ ಮಳೆಗಾಲದ ಪೆಟ್ರೋಲ್, ಅದಕ್ಕೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನಲ್ಲೇ ಉಳಿದಿರುತ್ತದೆ, ಅಲ್ವಾ? ಅದರ ಕೆಳಗಿನ ಬೌಲ್ ಬಿಚ್ಚಿದರೆ ತಳದಲ್ಲಿ ಆಲೆಮನೆ ಕೊಪ್ಪರಿಗೆಗೆ ಹತ್ತಿದ ಪಾಕದ ಹಾಗೆ ಕಂದು ಅಂಟು. ವಾಸನೆ ಮಾತ್ರ ಬೆಲ್ಲದ್ದಲ್ಲ, ಹಳೇ ವಾರ್ನಿಷ್‌ದು. ಆ ಅಂಟು ಮೊದಲು ಕಟ್ಟುವುದು ಪೈಲಟ್ ಜೆಟ್ಟನ್ನು. ಪೆಟ್ರೋಲ್ ಹೋಗುವ ಕೂದಲೆಳೆಯಂಥ ತೂತು ಅದು. ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರೆ ಸಾಸಿವೆಗಿಂತ ಸಣ್ಣ ಬೆಳಕಿನ ಚುಕ್ಕೆ ಕಾಣಬೇಕು. ಕಾಣದಿದ್ದರೆ ಐಡಲ್‌ನಲ್ಲಿ, ಅಂದರೆ ವೇಗ ಕೊಡದೆ ಸುಮ್ಮನೆ ಓಡುವಾಗ, ಇಂಜಿನ್‌ಗೆ ಪೆಟ್ರೋಲ್ ಸಾಲುವುದಿಲ್ಲ, ನಿಂತುಹೋಗುತ್ತದೆ.

ಎಡವಟ್ಟು ಶುರುವಾಗುವುದು ಇಲ್ಲಿಂದಲೇ. ನಿಲ್ಲುತ್ತಿದೆ ಅಂತ ನೀವು ಚೋಕ್ ಎಳೆದು ಹಿಡಿಯುತ್ತೀರಿ. ಚೋಕ್ ಎಳೆದರೆ ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ. ಪೆಟ್ರೋಲ್ ಜೊತೆ ಆಯಿಲೂ ಜಾಸ್ತಿ. ಹೊಗೆ ದಟ್ಟವಾಗುತ್ತದೆ, ಪ್ಲಗ್ ನೆನೆಯುತ್ತದೆ. ಅದನ್ನು ನೋಡಿ ನೀವು ಆಯಿಲ್ ಮೇಲೆ ಅನುಮಾನಪಟ್ಟು ಅರ್ಧ ಮಾಡುತ್ತೀರಿ. ಹೊಗೆ ಸ್ವಲ್ಪ ಕಮ್ಮಿಯಾಗುತ್ತದೆ ನಿಜ, ಆದರೆ ನಿಲ್ಲುವುದು ನಿಲ್ಲುವುದೇ. ಕಟ್ಟಿದ ಜೆಟ್ಟಿನಿಂದ ಮೊದಲೇ ಪೆಟ್ರೋಲ್ ಕಮ್ಮಿ, ಅದರ ಜೊತೆ ಬರುವ ಆಯಿಲೂ ಕಮ್ಮಿ. ಅದರಲ್ಲೂ ನೀವು ಅರ್ಧ ಕಿತ್ತುಕೊಂಡರೆ ಪಿಸ್ಟನ್ ಏನು ಮಾಡಬೇಕು?

ಶ್ರೀರಂಗಪಟ್ಟಣದ ಕಡೆಯವರೊಬ್ಬರು ಹೀಗೇ ಮಾಡಿದರು. ಎರಡು ಸಿಲಿಂಡರಿನ 25 ಎಚ್‌ಪಿ ಮೋಟಾರ್. 10 ಲೀಟರಿಗೆ 100 ಎಂಎಲ್ ಹಾಕಿ, "ಈಗ ಹೊಗೆನೇ ಇಲ್ಲ ಸಾರ್" ಅಂತ ಖುಷಿಯಿಂದ ಫೋನ್ ಮಾಡಿದ್ದರು. ನಾನು ಬೇಡ ಅಂದೆ. ಕೇಳಲಿಲ್ಲ. ನಾಲ್ಕನೇ ದಿನ ಹಿನ್ನೀರಿನ ಮಧ್ಯೆ ಮೋಟಾರ್ ಕಿರ್ರ್ ಅಂದು ಸೀಜ್ ಆಯಿತು. ಹಗ್ಗ ಎಳೆದರೆ ಕಲ್ಲು ಎಳೆದ ಹಾಗೆ. ಅವರನ್ನು ದಡಕ್ಕೆ ತಂದದ್ದು ಯಾರು ಗೊತ್ತಾ? ಬಲೆ ಎತ್ತಲು ಬಂದಿದ್ದ ಒಬ್ಬ ತೆಪ್ಪದವನು, ಒಂದೇ ಹುಟ್ಟು ಹಾಕಿಕೊಂಡು. ಆ ಪಿಸ್ಟನ್ ಈಗಲೂ ನನ್ನ ಮೇಜಿನ ಮೇಲಿದೆ. ಮೈ ಮೇಲೆ ಉದ್ದಕ್ಕೂ ಗೀರು, ಬೆಕ್ಕು ಪರಚಿದ ಹಾಗೆ. ಅರ್ಧದ ಮಾತು ಎತ್ತಿದವರ ಕೈಗೆ ಅದನ್ನು ಕೊಡುತ್ತೇನೆ.

ಮೋಟಾರ್ ನಿಲ್ಲುತ್ತಿದೆ ಅನ್ನುವಾಗ ಎರಡು ಕೆಲಸ ಮಾಡಿ ನೋಡಿ. ಇನ್ನೇನು ನಿಲ್ಲುತ್ತದೆ ಅನ್ನುವ ಹೊತ್ತಿಗೆ ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬನ್ನು ಒತ್ತಿ. ಅದರಿಂದ ಚೇತರಿಸಿಕೊಂಡರೆ ತೊಂದರೆ ಟ್ಯಾಂಕಿನಿಂದ ಪಂಪಿನವರೆಗೆ ಎಲ್ಲೋ ಇದೆ: ಪೈಪಿನಲ್ಲಿ ಗಾಳಿ ಎಳೆಯುತ್ತಿರಬಹುದು, ಪಂಪಿನ ಡಯಾಫ್ರಾಮ್ ಅನ್ನುವ ಪೊರೆ ಹೋಗಿರಬಹುದು. ಬಲ್ಬಿಗೆ ಜಗ್ಗದೆ ಚೋಕ್ ಎಳೆದಾಗ ಚೇತರಿಸಿಕೊಂಡರೆ ನನ್ನ ಅನುಮಾನ ಜೆಟ್ ಮೇಲೆ. ಎರಡಕ್ಕೂ ಜಗ್ಗದಿದ್ದರೆ ಕಿಡಿ ಕೊಡುವ ಕಾಯಿಲ್, ಪ್ಲಗ್ ಕಡೆ ನೋಡಬೇಕು. ಇದು ಮೊದಲ ಅಂದಾಜು ಅಷ್ಟೇ, ಮೋಟಾರ್ ನೋಡದೆ ನಾನು ಆಣೆ ಇಟ್ಟು ಹೇಳಲಾರೆ. ಬಿಳಿ ಹೊಗೆ ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಮಾತ್ರ ಓಡಿಸಬೇಡಿ. ಒಳಗೆ ನೀರು ಹೋಗುತ್ತಿರಬಹುದು, ಹೆಡ್ ಗ್ಯಾಸ್ಕೆಟ್ ನೋಡಿಸಿ.

ಜೆಟ್ಟಿಗೆ ಸೂಜಿ, ತಂತಿ ಹಾಕಬೇಡಿ, ತೂತು ದೊಡ್ಡದಾಗುತ್ತದೆ. ತಂತಿ ಬೇಡ ಅಂದೆ ಅಂತ ಒಬ್ಬರು ಪೊರಕೆ ಕಡ್ಡಿ ಹಾಕಿದ್ದರು. ಅದು ಒಳಗೇ ಮುರಿದಿತ್ತು! ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ, ಏರ್ ಹೊಡೆಸಿ, ಸಾಕು.

ಈಗ ಇನ್ನೊಂದು ತಾಪತ್ರಯ ಸೇರಿಕೊಂಡಿದೆ. 2023ರಲ್ಲಿ ಶುರುವಾದ ಇ20 ಪೆಟ್ರೋಲ್ ಈಗ ಎಲ್ಲ ಕಡೆ ಅದೇ, 100ಕ್ಕೆ 20 ಭಾಗ ಎಥೆನಾಲ್. ಕಬ್ಬಿನಿಂದಲೂ ಅದನ್ನು ಮಾಡುತ್ತಾರೆ. ಹಾಗಾಗಿ ಮಂಡ್ಯದವರು ಬೈಯುವ ಮೊದಲು ಸ್ವಲ್ಪ ಯೋಚಿಸಬೇಕು. ಎಥೆನಾಲ್ ನೀರನ್ನು ಹೀರುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೈಪ್ ಎಳೆಯುವುದು ತಳದಿಂದ. ನೀವು ಸರಿಯಾಗಿ 200 ಎಂಎಲ್ ಹಾಕಿದ್ದರೂ ಇಂಜಿನ್‌ಗೆ ಹೋಗುವುದು ಆಯಿಲ್ ಇಲ್ಲದ ಎಥೆನಾಲ್ ಮತ್ತು ನೀರು. ಹಾಗಾಗಿ ಮಿಕ್ಸ್ ಮಾಡಿದ್ದನ್ನು ವರ್ಷಗಟ್ಟಲೆ ಇಡಬೇಡಿ. ಮೋಟಾರ್ ಎತ್ತಿಡುವ ದಿನ ಪೈಪ್ ಕಳಚಿ, ಡ್ರಮ್ಮಿನ ನೀರಿನಲ್ಲಿ ನಿಲ್ಲಿಸಿ, ಕಾರ್ಬ್ಯುರೇಟರ್ ಖಾಲಿಯಾಗಿ ತಾನಾಗೇ ನಿಲ್ಲುವವರೆಗೂ ಓಡಿಸಿ. ಬೌಲಿನಲ್ಲಿ ಉಳಿದದ್ದನ್ನು ಡ್ರೈನ್ ಸ್ಕ್ರೂ ಬಿಚ್ಚಿ ಇಳಿಸಿ.

ಬಂಕಿನ 2ಟಿ ಆಯಿಲ್ ಹಾಕಬಹುದಾ ಅಂತಲೂ ಕೇಳುತ್ತಾರೆ. ಅದು ಗಾಳಿಯಲ್ಲಿ ತಣ್ಣಗಾಗುವ ಬೈಕಿಗೆ. ನೀರಿನಲ್ಲಿ ತಣ್ಣಗಾಗುವ ಈ ಮೋಟಾರಿಗೆ ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಅಂತ ಬರೆದಿರುವುದೇ ಬೇಕು.

ಶ್ರೀರಂಗಪಟ್ಟಣದವರು ಹೊಸ ಪಿಸ್ಟನ್ ಹಾಕಿಸಿದ ಮೇಲೆ ಎಲ್ಲ ಅಚ್ಚುಕಟ್ಟು. ಹೊಸ ಪೆಟ್ರೋಲ್, ಅಳತೆ ಮಾಡಿ ಆಯಿಲ್, ತೊಳೆದ ಜೆಟ್. ಈ ಮಳೆಗಾಲ ಮತ್ತೆ ಫೋನ್ ಬಂತು, ದನಿಯಲ್ಲಿ ಸಿಟ್ಟು. "ನೀವು ಹೇಳಿದ್ದೆಲ್ಲ ಮಾಡಿದೀನಿ. ಚೆನ್ನಾಗಿ ಸ್ಟಾರ್ಟ್ ಆಗುತ್ತೆ, ಹತ್ತು ನಿಮಿಷಕ್ಕೆ ನಿಲ್ಲುತ್ತೆ."

"ಬಲ್ಬ್ ನೋಡಿ, ಚಪ್ಪಟೆ ಆಗಿದೆಯಾ?"

"ಹೌದು ಸಾರ್, ಒಳಗೆ ಹೋಗಿಬಿಟ್ಟಿದೆ."

"ಟ್ಯಾಂಕಿಗೆ ಗಾಳಿ ಹೋಗದೆ ಪೆಟ್ರೋಲ್ ಬರ್ತಿಲ್ಲ. ಮುಚ್ಚಳದ ಮೇಲೆ ಗಾಳಿ ಸ್ಕ್ರೂ ಇದೆ. ಬಿಚ್ಚಿ."

ಸ್ವಲ್ಪ ಹೊತ್ತು ಬರೀ ನೀರಿನ ಸದ್ದು. ಆಮೇಲೆ, "ಸುಸ್ ಅಂತು ಸಾರ್."