ಮೈನಸ್ 80 ಫ್ರೀಜರನ್ನು ಮೈನಸ್ 70ಕ್ಕೆ ತಂದರೆ ಸ್ಯಾಂಪಲ್ ಹಾಳಾಗುತ್ತಾ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಲ್ಯಾಬಿನ ಡೀಪ್ ಫ್ರೀಜರನ್ನು ಮೈನಸ್ 80ರ ಬದಲು ಮೈನಸ್ 70 ಡಿಗ್ರಿಗೆ ಇಟ್ಟರೆ ತುಂಬಾ ಕರೆಂಟ್ ಉಳಿಯುತ್ತದೆ ಎಂದು ಓದಿದೆ. ಗೈಡ್ ಹತ್ತಿರ ಹೇಳಿದರೆ, "ಎಷ್ಟೋ ವರ್ಷದ ಕೆಲಸ ಅದರೊಳಗಿದೆ, ಸುಮ್ನೆ ಅದರ ತಂಟೆಗೆ ಹೋಗಬೇಡ" ಅಂದರು. ಯಾರು ಸರಿ?

ಉತ್ತರ: ಹೆಚ್ಚಿನ ಸ್ಯಾಂಪಲ್‌ಗಳ ಮಟ್ಟಿಗೆ ನೀವೇ ಸರಿ. ಹಾಗಂತ ನಿಮ್ಮ ಗೈಡ್ ಕಾರಣವಿಲ್ಲದೆ ಹೆದರಿಲ್ಲ. ಅವರ ಹೆದರಿಕೆಗೆ ಆಮೇಲೆ ಬರುತ್ತೇನೆ, ಮೊದಲು ಕರೆಂಟಿನ ಲೆಕ್ಕ ನೋಡೋಣ.

ಹಳೇ ಮಾದರಿಯ ದೊಡ್ಡ ಡೀಪ್ ಫ್ರೀಜರ್ ದಿನಕ್ಕೆ ಸುಮಾರು 20 ಯೂನಿಟ್ ನುಂಗುತ್ತದೆ. ತಿಂಗಳಿಗೆ 600 ಯೂನಿಟ್ ಆಯಿತು. ಗೃಹಜ್ಯೋತಿಯಲ್ಲಿ ಒಂದು ಮನೆಗೆ ಹೆಚ್ಚೆಂದರೆ ಸಿಗುವುದು ತಿಂಗಳಿಗೆ 200 ಯೂನಿಟ್. ಅಂದರೆ ಕಾರಿಡಾರಿನ ಮೂಲೆಯಲ್ಲಿ ಗುರ್ ಎನ್ನುತ್ತಾ ನಿಂತಿರುವ ಆ ಪೆಟ್ಟಿಗೆ ಮೂರು ಮನೆಯ ಪಾಲನ್ನು ಒಂದೇ ಉಣ್ಣುತ್ತಿದೆ.

ಯಾಕಿಷ್ಟು? ಮನೆಯ ಫ್ರಿಜ್ಜಿಗೆ ಒಂದು ಕಂಪ್ರೆಸರ್ ಸಾಕು. ಮೈನಸ್ 80 ಮುಟ್ಟಲು ಸಾಮಾನ್ಯವಾಗಿ ಎರಡು ಬೇಕು. ಒಂದು ಒಳಗಿನ ಬಿಸಿಯನ್ನು ಎತ್ತಿ ಇನ್ನೊಂದರ ಕೈಗೆ ಕೊಡುತ್ತದೆ, ಅದು ಹೊರಗೆ ಚೆಲ್ಲುತ್ತದೆ. ಆಳದ ಬಾವಿಯಿಂದ ನೀರು ಸೇದಿದ ಹಾಗೆ. ಬಾವಿ ಆಳವಾದಷ್ಟೂ ತೋಳು ಸೋಲುತ್ತದೆ, ಅಲ್ವಾ? ಹೊರಗೆ ಚೆಲ್ಲಿದ ಬಿಸಿಯಿಂದ ಕೋಣೆ ಕಾಯುತ್ತದೆ. ಆ ಬಿಸಿ ತೆಗೆಯಲು ಮೇಲೊಂದು ಎಸಿ. ಒಂದೇ ಬಿಸಿಗೆ ಎರಡು ಸಲ ಬಿಲ್ ಕಟ್ಟುತ್ತೇವೆ.

ಹತ್ತು ಡಿಗ್ರಿ ಮೇಲೆ ತಂದರೆ, ಫ್ರೀಜರಿನ ಮಾದರಿ ಮತ್ತು ವಯಸ್ಸು ನೋಡಿಕೊಂಡು, ಸುಮಾರು ಶೇ 30ರಷ್ಟು ಕರೆಂಟ್ ಉಳಿಯುತ್ತದೆ. ದಿನಕ್ಕೆ 6 ಯೂನಿಟ್, ವರ್ಷಕ್ಕೆ ಎರಡು ಸಾವಿರದ ಮೇಲೆ. ನಮ್ಮ ದೇಶದ ಗ್ರಿಡ್ಡಿನಲ್ಲಿ ಕಲ್ಲಿದ್ದಲೇ ಜಾಸ್ತಿ, ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹಾಗೆ ಲೆಕ್ಕ ಹಾಕಿದರೆ ಒಂದು ಗುಂಡಿ ಒತ್ತಿದ್ದಕ್ಕೆ ವರ್ಷಕ್ಕೆ ಒಂದೂವರೆ ಟನ್ ಕಡಿಮೆ.

ಇನ್ನು ಸ್ಯಾಂಪಲ್ ವಿಷಯ. 80 ಎನ್ನುವ ಅಂಕಿಯಲ್ಲಿ ಯಾವ ಮಂತ್ರವೂ ಇಲ್ಲ. ಹಿಂದೆ ಎಷ್ಟೋ ಲ್ಯಾಬುಗಳು ಮೈನಸ್ 65, ಮೈನಸ್ 70ರಲ್ಲೇ ಕೆಲಸ ಮಾಡುತ್ತಿದ್ದವು. ಇನ್ನೂ ತಣ್ಣಗೆ ಮಾಡುವ ಯಂತ್ರ ಬಂತು, ಅಂಕಿಯೂ ಕೆಳಗಿಳಿಯಿತು, ಅದೇ ರೂಢಿಯಾಯಿತು. ಮೈನಸ್ 70ಕ್ಕೂ 80ಕ್ಕೂ ನಡುವೆ ನೀರಿನ ಸ್ವಭಾವದಲ್ಲಿ ದೊಡ್ಡ ತಿರುವು ಏನೂ ಇಲ್ಲ. ಅಣುಗಳ ಓಡಾಟ ಹೆಚ್ಚುಕಡಿಮೆ ನಿಂತೇ ಹೋಗುವುದು ಮೈನಸ್ 135ರ ಆಸುಪಾಸಿನಲ್ಲಿ. ಜೀವಕೋಶಗಳನ್ನು ವರ್ಷಗಟ್ಟಲೆ ಇಡಬೇಕಾದವರು ಅದಕ್ಕೇ ದ್ರವ ಸಾರಜನಕಕ್ಕೆ ಹೋಗುತ್ತಾರೆ. ಅದು ಮೈನಸ್ 196.

ಕೋವಿಡ್ ಕಾಲ ನೆನಪಿಸಿಕೊಳ್ಳಿ. 2020ರ ಕೊನೆಗೆ ಬಂದ ಫೈಜರ್ ಲಸಿಕೆಯಲ್ಲಿ ಇದ್ದದ್ದು ಎಂಆರ್‌ಎನ್‌ಎ. ಬಹಳ ನಾಜೂಕಿನ ಅಣು. ಅದಕ್ಕೆ ಹೇಳಿದ್ದ ತಾಪಮಾನ ಮೈನಸ್ 60ರಿಂದ ಮೈನಸ್ 80. ಕೋಟ್ಯಂತರ ಜನರ ತೋಳಿಗೆ ಹೋದ ಮದ್ದಿಗೆ ಅಷ್ಟು ಸಾಕಾಗಿದ್ದರೆ ಗ್ಲಿಸರಾಲಿನಲ್ಲಿ ಹಾಕಿಟ್ಟ ನಿಮ್ಮ ಬ್ಯಾಕ್ಟೀರಿಯಾದ ಸ್ಟಾಕಿಗೆ ಯಾಕೆ ಸಾಲದು? ಶುದ್ಧ ಮಾಡಿದ ಡಿಎನ್‌ಎಗಂತೂ ಮೈನಸ್ 20ರ ಮಾಮೂಲಿ ಫ್ರೀಜರೇ ಸಾಕು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್‌ನವರು ಮೈನಸ್ 70 ಅಥವಾ ಅದಕ್ಕಿಂತ ಬೆಚ್ಚಗೆ ಯಾವ ಲ್ಯಾಬು ಏನೇನು ಇಟ್ಟಿದೆ ಎಂದು ಪಟ್ಟಿಯನ್ನೇ ಮಾಡಿದ್ದಾರೆ. ಗೈಡ್‌ಗೆ ತೋರಿಸಲು ಒಳ್ಳೆಯ ಕಾಗದ ಅದು.

ಈಗ ನಿಮ್ಮ ಗೈಡ್ ಪರವಾಗಿ ಎರಡು ಮಾತು. ಕರೆಂಟ್ ಹೋಗಿ ಜನರೇಟರ್ ಕೈಕೊಟ್ಟರೆ, 80ರಲ್ಲಿರುವ ಫ್ರೀಜರ್ ಬೆಚ್ಚಗಾಗಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ. ಶನಿವಾರ ರಾತ್ರಿ ಆ ಹೊತ್ತೇ ಎಲ್ಲವೂ ಆಗಬಹುದು. ಇದು ನಿಜವಾದ ಭಯ. ಆದರೆ ಇದಕ್ಕೆ ಮದ್ದು ಹತ್ತು ಡಿಗ್ರಿಯಲ್ಲ. ಫೋನಿಗೆ ಕರೆ ಬರುವ ಅಲಾರಂ ಬೇಕು, ಮುಖ್ಯವಾದ ಸ್ಟಾಕಿನ ಅರ್ಧ ಬೇರೆ ಫ್ರೀಜರಿನಲ್ಲಿರಬೇಕು, ಖಾಲಿ ಜಾಗದಲ್ಲಿ ಐಸ್ ಪ್ಯಾಕ್ ತುಂಬಿರಬೇಕು. ತುಂಬಿದ ಫ್ರೀಜರ್ ನಿಧಾನಕ್ಕೆ ಬಿಸಿಯಾಗುತ್ತದೆ, ಖಾಲಿಯದು ಬೇಗ. ಎರಡನೆಯದು, ಔಷಧ ಪ್ರಯೋಗಕ್ಕೆ ರೋಗಿಗಳಿಂದ ಪಡೆದ ಸ್ಯಾಂಪಲ್. ಅವುಗಳ ದಾಖಲೆಯಲ್ಲಿ ಇಷ್ಟೇ ತಾಪಮಾನ ಎಂದು ಬರೆದಿದ್ದರೆ ಮುಟ್ಟಲೇಬೇಡಿ. ಅಲ್ಲಿ ವಿಜ್ಞಾನಕ್ಕಿಂತ ಕಾಗದ ದೊಡ್ಡದು.

ನನ್ನನ್ನು ಕೇಳಿದರೆ, ಗುಂಡಿ ಒತ್ತುವ ಮೊದಲು ಬಾಗಿಲು ತೆಗೆದು ನೋಡಿ. ನಾನಿದ್ದ ಲ್ಯಾಬೊಂದರಲ್ಲಿ ಮೂರನೇ ಫ್ರೀಜರ್ ಕೊಳ್ಳುವ ಮಾತು ನಡೆದಿತ್ತು. ಅದಕ್ಕೂ ಮುಂಚೆ ಒಂದು ವಾರ ಇದ್ದ ಎರಡನ್ನು ಖಾಲಿ ಮಾಡಿಸಿದರು. ಹಳೇ ಮನೆಯ ಅಟ್ಟ ಹತ್ತಿದ ಹಾಗಾಯಿತು. ಯಾವಾಗಲೋ ಪಿಎಚ್‌ಡಿ ಮುಗಿಸಿ ಹೋದವರ ಬಾಕ್ಸುಗಳು, ಅಕ್ಷರ ಅಳಿಸಿಹೋದ ಟ್ಯೂಬುಗಳು, 'ಹೊಸದು' ಎಂದಷ್ಟೇ ಬರೆದಿದ್ದ ಒಂದು ಇಡೀ ರ‍್ಯಾಕ್. ಎಷ್ಟು ವರ್ಷದ ಹೊಸದೋ! ಮೂರನೇ ಫ್ರೀಜರ್ ಬೇಕಾಗಲೇ ಇಲ್ಲ. ಬಾಗಿಲಂಚಿನ ಐಸ್ ಕೆರೆದು, ಧೂಳು ಹಿಡಿದ ಫಿಲ್ಟರ್ ತೊಳೆದ ಮೇಲೆ ಕಂಪ್ರೆಸರಿನ ಸದ್ದೇ ಬದಲಾಯಿತು. ಮೈ ಗ್ರೀನ್ ಲ್ಯಾಬ್ ಎಂಬ ಸಂಸ್ಥೆ ಇಂಥ ಕೆಲಸವನ್ನೇ ಲ್ಯಾಬುಗಳ ನಡುವಿನ ಸ್ಪರ್ಧೆ ಮಾಡಿದೆ. 2017ರಿಂದ ನಡೆಯುತ್ತಿದೆ.

ಫ್ರೀಜರ್ ಒಂದೇ ಕಳ್ಳ ಅಲ್ಲ ಎನ್ನುವುದೂ ನಿಜ. ಎಸಿ ಇರುವ ಕೆಮಿಸ್ಟ್ರಿ ಲ್ಯಾಬಿನಲ್ಲಿ ಫ್ಯೂಮ್ ಹುಡ್, ಅಂದರೆ ರಾಸಾಯನಿಕದ ಹೊಗೆ ಹೀರುವ ಗಾಜಿನ ಬಾಗಿಲಿನ ಗೂಡು, ತಣ್ಣಗಿನ ಗಾಳಿಯನ್ನು ಹಗಲೂರಾತ್ರಿ ಹೊರಗೆ ದೂಡುತ್ತಿರುತ್ತದೆ. ಕೆಲಸ ಮುಗಿದ ಮೇಲೆ ಗಾಜು ಇಳಿಸಿ, ಸುರಕ್ಷತೆಗೂ ಅದೇ ಒಳ್ಳೆಯದು. ಪ್ಲಾಸ್ಟಿಕ್ಕಿನದು ಇನ್ನೊಂದು ಕಥೆ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಜೀವವಿಜ್ಞಾನ ವಿಭಾಗದವರು ತೂಗಿ ನೋಡಿದಾಗ, 2014ರಲ್ಲಿ 280 ಮಂದಿಯಿಂದ 267 ಟನ್ ಪ್ಲಾಸ್ಟಿಕ್ ಕಸ. ತಲೆಗೆ ಹತ್ತಿರ ಹತ್ತಿರ ಒಂದು ಟನ್! ಅದಕ್ಕೆ ಗುಂಡಿ ಒತ್ತುವಷ್ಟು ಸುಲಭದ ದಾರಿ ಇಲ್ಲ, ಇನ್ನೊಮ್ಮೆ ಬರೆಯುತ್ತೇನೆ.

ಗೈಡ್ ಹತ್ತಿರ ಮತ್ತೆ ಹೋಗುವಾಗ "80 ಯಾಕೆ ಬೇಕು?" ಎಂದು ವಾದಕ್ಕೆ ಕೂರಬೇಡಿ. ಒಳಗೆ ಏನೇನಿದೆ ಎಂಬ ಪಟ್ಟಿ ಮಾಡಿಕೊಂಡು ಹೋಗಿ. ಎರಡು ಫ್ರೀಜರ್ ಇದ್ದರೆ, ಯಾವುದರೊಳಗಿನ ಸ್ಟಾಕುಗಳಿಗೆ ಇನ್ನೊಂದರಲ್ಲೂ ನಕಲು ಇದೆಯೋ ಆ ಫ್ರೀಜರನ್ನು ಮೊದಲು ಬದಲಿಸಲು ಕೇಳಿ. ಮೊದಲು 75, ಒಂದು ತಿಂಗಳಾದ ಮೇಲೆ 70. ಅಲಾರಂ ಕೂಗುವ ಮಿತಿಯನ್ನೂ ಜೊತೆಗೇ ಬದಲಿಸಿ, ಇಲ್ಲದಿದ್ದರೆ ಮೊದಲ ರಾತ್ರಿಯೇ ಅದು ಎಲ್ಲರನ್ನೂ ಎಬ್ಬಿಸುತ್ತದೆ. ಕೊನೆಗೆ ಬಾಗಿಲಿನ ಮೇಲೆ 'ಮೈನಸ್ 70 ಬೇಕೆಂದೇ ಇಟ್ಟಿದ್ದು' ಎಂದು ದಪ್ಪಕ್ಷರದಲ್ಲಿ ಚೀಟಿ ಅಂಟಿಸಿ. ಚೀಟಿ ಇಲ್ಲದಿದ್ದರೆ, ರಾತ್ರಿ ಹನ್ನೊಂದಕ್ಕೆ ಟ್ಯೂಬ್ ಇಡಲು ಬಂದ ಜೂನಿಯರ್ ಗಾಬರಿಯಾಗಿ ಮತ್ತೆ 80ಕ್ಕೆ ಇಳಿಸಿ ಹೋಗಿರುತ್ತಾನೆ.