ಒಮ್ಮೆ ಬಂದು ಹೋದದ್ದು ಮತ್ತೆ ಯಾಕೆ ಬಂತು?

2020ರ ಆಗಸ್ಟಿನಲ್ಲಿ ನನಗೆ ಕೊರೊನಾ ಬಂದು ಹೋಯಿತು. ಹದಿನಾಲ್ಕು ದಿನ ಕೋಣೆಯೊಳಗೆ ಕುಳಿತು ಹೊರಬಂದ ಮೇಲೆ ಮನೆಯಲ್ಲಿ ಹೊಸದೊಂದು ಹುದ್ದೆ ಸಿಕ್ಕಿತು. ತರಕಾರಿ, ಹಾಲು, ಔಷಧಿ, ಬ್ಯಾಂಕು ಎಲ್ಲಕ್ಕೂ ನಾನೇ. ‘ನಿನಗೆ ಬಂದು ಹೋಗಿದೆಯಲ್ಲ, ಇನ್ನೇನು ಭಯ?’ ಎನ್ನುತ್ತಿದ್ದರು ದೊಡ್ಡಮ್ಮ. ಅವರ ಮಾತಿಗೆ ಜೀವಮಾನದ ಅನುಭವದ ಬೆಂಬಲವಿತ್ತು. ಸಿಡುಬಿನಿಂದ ಬದುಕಿ ಉಳಿದವರಿಗೆ ಅದು ಮತ್ತೆ ಬಂದದ್ದನ್ನು ಅವರು ಕಂಡಿರಲಿಲ್ಲ. ದಡಾರ, ಸೀತಾಳೆ ಸಿಡುಬು, ಮಂಗನಬಾವು ಎಲ್ಲವೂ ಹಾಗೆಯೇ, ಬಾಲ್ಯದಲ್ಲಿ ಒಮ್ಮೆ ಬಂದರೆ ಲೆಕ್ಕ ಚುಕ್ತಾ. 2022ರ ಜನವರಿಯಲ್ಲಿ ನನಗೆ ಎರಡನೇ ಸಲ ಸೋಂಕು ತಗುಲಿದಾಗ ನನಗಿಂತ ಅವರಿಗೇ ಹೆಚ್ಚು ಬೇಸರವಾಯಿತು. ವೈರಸ್ ಕೊಟ್ಟ ಮಾತಿಗೆ ತಪ್ಪಿತು ಎಂಬಂತಿತ್ತು ಅವರ ಮುಖ.

ಈ ನಂಬಿಕೆ ದೊಡ್ಡಮ್ಮನ ಕಾಲದ್ದಲ್ಲ, ಅದಕ್ಕಿಂತ ಎಷ್ಟೋ ಹಳೆಯದು. ಕ್ರಿಸ್ತಪೂರ್ವ 430ರಲ್ಲಿ ಅಥೆನ್ಸಿಗೆ ಬಂದ ಮಾರಿಬೇನೆಗೆ ತುತ್ತಾಗಿ ಬದುಕಿ ಉಳಿದ ಇತಿಹಾಸಕಾರ ಥುಸಿಡಿಡೀಸ್, ಆ ರೋಗ ಒಬ್ಬನನ್ನೇ ಎರಡನೇ ಸಲ ಹಿಡಿಯುತ್ತಿರಲಿಲ್ಲ, ಹಿಡಿದರೂ ಕೊಲ್ಲುತ್ತಿರಲಿಲ್ಲ ಎಂಬರ್ಥದ ಮಾತು ಬರೆದಿದ್ದಾನೆ. ಜಗತ್ತು ನೆನಪಿಟ್ಟುಕೊಂಡದ್ದು ಅದರ ಮೊದಲ ಅರ್ಧವನ್ನು. ಕೊರೊನಾ ವಿಷಯದಲ್ಲಿ ಹೆಚ್ಚು ನಿಜವಾದದ್ದು ಎರಡನೆಯ ಅರ್ಧ.

ಮೊದಲ ಅರ್ಧಕ್ಕೆ ವೈದ್ಯಶಾಸ್ತ್ರ ಕೊಡುವ ಶ್ರೇಷ್ಠ ಉದಾಹರಣೆ ಫ್ಯಾರೋ ದ್ವೀಪಗಳದ್ದು. ಉತ್ತರ ಅಟ್ಲಾಂಟಿಕ್‌ನ ಆ ಪುಟ್ಟ ದ್ವೀಪಗಳಿಗೆ 1846ರಲ್ಲಿ ದಡಾರ ಬಂತು. 7,782 ಜನರಲ್ಲಿ ಸುಮಾರು 6,000 ಮಂದಿ ಕೆಲವೇ ತಿಂಗಳಲ್ಲಿ ಮಲಗಿದರು. ಪರಿಶೀಲನೆಗೆ ಹೋದ ಡೆನ್ಮಾರ್ಕಿನ ಯುವ ವೈದ್ಯ ಪೀಟರ್ ಪಾನುಮ್ ಒಂದು ವಿಚಿತ್ರ ಗಮನಿಸಿದ. ಅಲ್ಲಿಗೆ ಅದಕ್ಕೂ ಮುಂಚೆ ದಡಾರ ಬಂದದ್ದು 1781ರಲ್ಲಿ. ಆಗ ಬಾಲ್ಯದಲ್ಲಿ ಅದನ್ನು ಕಂಡಿದ್ದ ಮುದುಕರು ಅರುವತ್ತೈದು ವರ್ಷಗಳ ನಂತರ ರೋಗಿಗಳ ನಡುವೆಯೇ ಆರಾಮವಾಗಿ ಓಡಾಡಿಕೊಂಡಿದ್ದರು. ನಡುವಿನ ಅಷ್ಟು ವರ್ಷ ದ್ವೀಪದಲ್ಲಿ ದಡಾರವೇ ಇರಲಿಲ್ಲ. ದೇಹ ನೆನಪಿಟ್ಟುಕೊಂಡಿತ್ತು.

ಹಾಗಾದರೆ ದಡಾರಕ್ಕೆ ಸಿಕ್ಕುವ ಮರ್ಯಾದೆ ಕೊರೊನಾಗೆ ಯಾಕಿಲ್ಲ? ಕಾರಣಗಳಲ್ಲಿ ಒಂದು ಸಮಯದ್ದು. ದಡಾರದ ವೈರಸ್ ದೇಹ ಹೊಕ್ಕ ಮೇಲೆ ರಕ್ತದ ಮೂಲಕ ಸುತ್ತಾಡಿ ರೋಗವಾಗಿ ಕಾಣಿಸಿಕೊಳ್ಳಲು ಹತ್ತು ಹದಿನಾಲ್ಕು ದಿನ ಬೇಕು. ಅಷ್ಟರಲ್ಲಿ ಹಳೆಯ ಸೋಂಕಿನ ಗುರುತು ಇಟ್ಟುಕೊಂಡಿರುವ ನೆನಪಿನ ಕೋಶಗಳು ಎದ್ದು, ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರತಿಕಾಯಗಳನ್ನು ತಯಾರಿಸಿ, ಆಟವನ್ನು ಮುಗಿಸಿರುತ್ತವೆ. ಕೊರೊನಾಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಮೂಗು ಗಂಟಲಿನ ಒಳಪದರದಲ್ಲೇ ಬೆಳೆದು ಮೂರು ನಾಲ್ಕು ದಿನದಲ್ಲಿ ಇನ್ನೊಬ್ಬರಿಗೆ ದಾಟಿಕೊಳ್ಳುತ್ತದೆ. ನೆನಪಿನ ಕೋಶಗಳು ಕಣ್ಣುಜ್ಜಿಕೊಂಡು ಏಳುವ ಹೊತ್ತಿಗೆ ಕಳ್ಳ ಜಗಲಿಗೆ ಬಂದಾಗಿರುತ್ತದೆ. ಒಳಮನೆಗೆ, ಅಂದರೆ ಶ್ವಾಸಕೋಶಕ್ಕೆ, ನುಗ್ಗುವುದನ್ನು ಅವು ತಡೆಯುತ್ತವೆ. ಇನ್ನೊಂದು ಕಾರಣ ವೇಷ. ದಡಾರದ ವೈರಸ್ ತನ್ನ ಮೇಲ್ಮೈಯನ್ನು ಬಹಳ ಬದಲಿಸಿದರೆ ಬದುಕಲಾರದು. ಕೊರೊನಾ, ಕೋಶದೊಳಗೆ ಹೊಗಲು ಬಳಸುವ ತನ್ನ ಮುಳ್ಳಿನ ಪ್ರೋಟೀನನ್ನು ಧಾರಾಳವಾಗಿ ಬದಲಿಸಿಕೊಂಡೂ ಬದುಕುತ್ತದೆ.

ಇದನ್ನು ಮುಂಚೆಯೇ ಊಹಿಸಬಹುದಿತ್ತು ಎನ್ನುವುದು ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ. ನಮಗೆ ಪ್ರತಿವರ್ಷ ಬರುವ ನೆಗಡಿಗಳಲ್ಲಿ ಕೆಲವನ್ನು ತರುವುದು ಇದೇ ಕುಟುಂಬದ ನಾಲ್ಕು ವೈರಸ್‌ಗಳು. ಇಂಗ್ಲೆಂಡಿನ ಸಾಲಿಸ್‌ಬರಿಯಲ್ಲಿ ನೆಗಡಿಯ ಅಧ್ಯಯನಕ್ಕೆಂದೇ 1946ರಿಂದ ಒಂದು ಕೇಂದ್ರವಿತ್ತು. ಸ್ವಯಂಸೇವಕರ ಮೂಗಿಗೆ ವೈರಸ್ ಹನಿ ಹಾಕಿ ಏನಾಗುತ್ತದೆ ಎಂದು ನೋಡುವುದು ಅದರ ಕಸುಬು. 229ಇ ಎಂಬ ಕೊರೊನಾ ವೈರಸ್ ಹಾಕಿಸಿಕೊಂಡವರಿಗೆ ಒಂದು ವರ್ಷದ ಬಳಿಕ ಅದನ್ನೇ ಮತ್ತೆ ಹಾಕಿದರು. ಮೊದಲ ಸಲ ಸೋಂಕಿತರಾಗಿದ್ದ ಹೆಚ್ಚಿನವರಿಗೆ ಮತ್ತೆ ಸೋಂಕು ತಗುಲಿತು, ಆದರೆ ಒಬ್ಬರಿಗೂ ನೆಗಡಿಯಾಗಲಿಲ್ಲ. ಇದು ಪ್ರಕಟವಾದದ್ದು 1990ರಲ್ಲಿ. ಅದೇ ವರ್ಷ ಆ ಕೇಂದ್ರ ಬಾಗಿಲು ಹಾಕಿತು. ನೆಗಡಿಗೆ ಹಣ ಸುರಿಯುವವರು ಯಾರು?

2020ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಈ ಹಳೆಯ ಎಳೆಯನ್ನು ಮತ್ತೆ ಹಿಡಿದರು. ಹತ್ತು ಆರೋಗ್ಯವಂತ ಗಂಡಸರ ರಕ್ತದ ಮಾದರಿಗಳು 1980ರ ದಶಕದಿಂದ ಅಲ್ಲಿ ಶೀತಲ ಪೆಟ್ಟಿಗೆಯಲ್ಲಿದ್ದವು. ಮೂವತ್ತೈದು ವರ್ಷಗಳ ಆ ಮಾದರಿಗಳನ್ನು ಪರೀಕ್ಷಿಸಿದಾಗ, ನೆಗಡಿಯ ಕೊರೊನಾಗಳು ಒಬ್ಬನಿಗೇ ಮತ್ತೆ ಮತ್ತೆ ಬಂದಿರುವುದು, ಅನೇಕ ಸಲ ಹನ್ನೆರಡು ತಿಂಗಳ ಅಂತರದಲ್ಲೇ ಬಂದಿರುವುದು ಕಂಡಿತು.

ಆದರೂ ಆ ವರ್ಷ ಮರುಸೋಂಕು ಎಂದರೆ ದೊಡ್ಡ ಸುದ್ದಿ. ಏಪ್ರಿಲ್‌ನಲ್ಲಿ ದಕ್ಷಿಣ ಕೊರಿಯಾದಲ್ಲಿ ಗುಣವಾದವರು ಮತ್ತೆ ಪಾಸಿಟಿವ್ ಆಗುತ್ತಿದ್ದಾರೆ ಎಂಬ ವರದಿ ಬಂದಾಗ ಜಗತ್ತೇ ಬೆಚ್ಚಿತು. ಅದು ಮರುಸೋಂಕಲ್ಲ ಎಂದು ಮೇ ತಿಂಗಳಲ್ಲಿ ಗೊತ್ತಾಯಿತು. ಆರ್‌ಟಿ-ಪಿಸಿಆರ್ ಪರೀಕ್ಷೆ ಹುಡುಕುವುದು ವೈರಸ್‌ನ ವಂಶವಾಹಿಯ ತುಣುಕನ್ನು. ಸತ್ತ ವೈರಸ್‌ನ ಚೂರು ವಾರಗಟ್ಟಲೆ ಉಳಿದಿದ್ದರೂ ಅದು ಪಾಸಿಟಿವ್ ಎಂದೇ ಹೇಳುತ್ತದೆ. ಕೆಲವು ದೇಶಗಳು ಗುಣವಾದವರಿಗೆ ‘ಇಮ್ಯುನಿಟಿ ಪಾಸ್‌ಪೋರ್ಟ್’ ಕೊಡುವ ಯೋಚನೆಯಲ್ಲಿದ್ದಾಗ ವಿಶ್ವ ಆರೋಗ್ಯ ಸಂಸ್ಥೆ ಏಪ್ರಿಲ್ 24ರಂದು, ಒಮ್ಮೆ ಸೋಂಕು ತಗುಲಿದವರಿಗೆ ಮತ್ತೆ ತಗುಲುವುದಿಲ್ಲ ಎನ್ನಲು ಪುರಾವೆಯಿಲ್ಲ ಎಂದಿತು. ಜನ ಅದನ್ನು ‘ರಕ್ಷಣೆಯೇ ಇಲ್ಲ’ ಎಂದು ಓದಿಕೊಂಡರು. ಬಹುತೇಕರಿಗೆ ಒಂದಿಷ್ಟು ರಕ್ಷಣೆ ಸಿಗುವ ನಿರೀಕ್ಷೆಯಿದೆ ಎಂದು ಸಂಸ್ಥೆ ಮರುದಿನವೇ ಸ್ಪಷ್ಟಪಡಿಸಬೇಕಾಯಿತು.

ಮೊದಲ ಖಚಿತ ಮರುಸೋಂಕು ಹಾಂಗ್‌ಕಾಂಗಿನದು. ಮಾರ್ಚ್‌ನಲ್ಲಿ ಸೋಂಕಿತನಾಗಿ ಗುಣವಾಗಿದ್ದ 33 ವರ್ಷದವನೊಬ್ಬ ಆಗಸ್ಟ್‌ನಲ್ಲಿ ಸ್ಪೇನಿನಿಂದ ಮರಳಿದಾಗ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದ. ಎರಡೂ ಸಲದ ವೈರಸ್‌ಗಳ ವಂಶವಾಹಿ ಬೇರೆ ಬೇರೆಯಾಗಿದ್ದರಿಂದ ಅನುಮಾನಕ್ಕೆ ಎಡೆಯಿರಲಿಲ್ಲ. ಎರಡನೇ ಸಲ ಅವನಿಗೆ ಒಂದು ಸೀನೂ ಬಂದಿರಲಿಲ್ಲ. ಆ ವಿವರ ಶೀರ್ಷಿಕೆಗಳಲ್ಲಿ ಕಳೆದುಹೋಯಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಸರದಿ. ಜುಲೈನಲ್ಲಿ ಗುಣವಾಗಿದ್ದ 27 ವರ್ಷದ ಯುವತಿಗೆ ಒಂದು ತಿಂಗಳ ಬಳಿಕ ಮತ್ತೆ ಸೋಂಕು ತಗುಲಿದೆ, ಮೊದಲ ಸಲ ಆಕೆಯಲ್ಲಿ ಪ್ರತಿಕಾಯ ಮೂಡಿರದೆ ಇರಬಹುದು ಎಂದು ಖಾಸಗಿ ಆಸ್ಪತ್ರೆಯೊಂದು ಹೇಳಿತು. ಸತ್ತ ಚೂರು ಯಾವುದು, ಹೊಸ ಸೋಂಕು ಯಾವುದು ಎಂದು ಬೇರ್ಪಡಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸುಮಾರು ನೂರು ದಿನಗಳ ಅಂತರವನ್ನು ಗಡಿಯಾಗಿ ಇಟ್ಟುಕೊಂಡಿತು. ಆ ಅಳತೆಗೋಲಿನಿಂದ 1,300 ಜನರ ಮಾಹಿತಿ ಜಾಲಾಡಿದಾಗ 58 ಮಂದಿ, ಅಂದರೆ ಶೇ 4.5ರಷ್ಟು, ಮರುಸೋಂಕಿತರಿರಬಹುದು ಎಂದು ಕಂಡಿತು.

ಈ ನಡುವೆ ‘ಹರ್ಡ್ ಇಮ್ಯುನಿಟಿ’ಯ, ಅಂದರೆ ಸಾಕಷ್ಟು ಜನರಿಗೆ ರಕ್ಷಣೆ ಬಂದು ರೋಗ ಹರಡುವುದು ತಾನಾಗಿ ನಿಲ್ಲುವ ಸ್ಥಿತಿಯ, ಲೆಕ್ಕಾಚಾರ ಶುರುವಾಗಿತ್ತು. ಕರ್ನಾಟಕದಲ್ಲಿ ಒಂದೇ ವರ್ಷ ಎರಡು ಸಮೀಕ್ಷೆಗಳು ನಡೆದವು. ಜೂನ್‌ನಿಂದ ಆಗಸ್ಟ್‌ವರೆಗೆ ನಡೆದದ್ದು ಶೇ 46.7ರಷ್ಟು ಜನರಿಗೆ ಸೋಂಕು ತಗುಲಿರಬಹುದು ಎಂದಿತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ನಡೆಸಿದ್ದು ಶೇ 27.3 ಎಂದಿತು. ಪರೀಕ್ಷೆಯ ಕಿಟ್ ಬೇರೆ, ಲೆಕ್ಕದ ವಿಧಾನ ಬೇರೆ ಆದಾಗ ಉತ್ತರವೂ ಇಷ್ಟು ದೂರ ಹೋಗುತ್ತದೆ. ಚಹಾ ಅಂಗಡಿಯಲ್ಲಿ ಮಾತ್ರ ದೊಡ್ಡ ಸಂಖ್ಯೆಯೇ ಗೆದ್ದಿತು. ‘ಅರ್ಧ ಊರಿಗೆ ಬಂದು ಹೋಗಿದೆ, ಇನ್ನು ಮುಗಿಯಿತು.’

ಹಾಗೆ ಅಂದುಕೊಂಡವರು ಬ್ರೆಜಿಲ್‌ನ ಮನಾವುಸ್ ಕಡೆ ನೋಡಬೇಕಿತ್ತು. ಅಮೆಜಾನ್ ಕಾಡಿನ ನಡುವಿನ ಆ ನಗರದಲ್ಲಿ 2020ರ ಅಕ್ಟೋಬರ್ ಹೊತ್ತಿಗೆ ಶೇ 76ರಷ್ಟು ಜನರಿಗೆ ಸೋಂಕು ಬಂದು ಹೋಗಿದೆ ಎಂದು ರಕ್ತದಾನಿಗಳ ಮಾದರಿಗಳಿಂದ ಅಂದಾಜಿಸಲಾಗಿತ್ತು. ಜಗತ್ತಿನಲ್ಲಿ ಎಲ್ಲಾದರೂ ರೋಗ ತಾನಾಗಿ ನಿಲ್ಲಬೇಕಾದರೆ ಅದು ಅಲ್ಲೇ ಎಂದು ತಜ್ಞರೂ ಲೆಕ್ಕ ಹಾಕಿದ್ದರು. 2021ರ ಜನವರಿಯಲ್ಲಿ ಅದೇ ಊರಿನ ಆಸ್ಪತ್ರೆಗಳಲ್ಲಿ ಆಮ್ಲಜನಕ ಬರಿದಾಯಿತು. ಅಂದಾಜು ಹೆಚ್ಚಾಗಿತ್ತೇ, ಮೊದಲ ಅಲೆಯ ರಕ್ಷಣೆ ಕರಗಿತ್ತೇ, ಗಾಮಾ ಎಂಬ ಹೊಸ ರೂಪಾಂತರಿ ಕಣ್ತಪ್ಪಿಸಿತೇ ಎಂಬ ಚರ್ಚೆ ಬಹಳ ನಡೆಯಿತು. ಮೂರೂ ಸ್ವಲ್ಪ ಸ್ವಲ್ಪ ಸೇರಿರಬೇಕು.

ನಮ್ಮಲ್ಲಿ ಲೆಕ್ಕ ಇನ್ನೂ ಕೆಳಗಿತ್ತು. ಐಸಿಎಂಆರ್‌ನ ಮೂರನೇ ರಾಷ್ಟ್ರೀಯ ಸಮೀಕ್ಷೆ 2021ರ ಆರಂಭದಲ್ಲಿ ಐವರಲ್ಲಿ ಒಬ್ಬರಲ್ಲಷ್ಟೇ ಸೋಂಕಿನ ಕುರುಹು ಕಂಡಿತ್ತು. ಡೆಲ್ಟಾ ಬಂತು. ಮೇ ಮೊದಲ ವಾರದಲ್ಲಿ ದೇಶದಲ್ಲಿ ದಿನಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಪ್ರಕರಣಗಳು. ಉಳಿದದ್ದನ್ನು ಓದುಗರಿಗೆ ನಾನು ಹೇಳಬೇಕಿಲ್ಲ.

ಗುಣವಾದವರು ಆ ದಿನಗಳಲ್ಲಿ ಪ್ರಯೋಗಾಲಯಗಳಿಗೆ ಹೋಗಿ ಪ್ರತಿಕಾಯ ಪರೀಕ್ಷೆ ಮಾಡಿಸಿ, ವರದಿಯನ್ನು ಅಂಕಪಟ್ಟಿಯಂತೆ ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಳ್ಳುತ್ತಿದ್ದರು. ಅಂಕ ಇಳಿದರೆ ಆತಂಕ. ಅದರಲ್ಲಿ ಅರ್ಥ ಕಡಿಮೆಯಿತ್ತು. ಸೋಂಕಿನ ಬೆನ್ನಲ್ಲೇ ಏರಿದ ಪ್ರತಿಕಾಯ ಕೆಲವು ತಿಂಗಳಲ್ಲಿ ಇಳಿಯುವುದು ಸಹಜ. ಕಂಡ ಪ್ರತಿಯೊಂದು ರೋಗಾಣುವಿನ ವಿರುದ್ಧವೂ ಪೂರ್ತಿ ಸೈನ್ಯವನ್ನು ಸದಾ ಬೀದಿಯಲ್ಲಿ ನಿಲ್ಲಿಸಿದ್ದರೆ ನಮ್ಮ ರಕ್ತ ಗಂಜಿಯಷ್ಟು ಗಟ್ಟಿಯಾಗುತ್ತಿತ್ತು. ಮುಖ್ಯವಾದದ್ದು ಹಿಂದೆ ಉಳಿಯುವ ಸರಕು. ಸೋಂಕು ತಗುಲಿ ಹನ್ನೊಂದು ತಿಂಗಳಾದರೂ ಪ್ರತಿಕಾಯ ತಯಾರಿಸುವ ಕೋಶಗಳು ಹಲವರ ಅಸ್ಥಿಮಜ್ಜೆಯಲ್ಲಿ ಮನೆ ಮಾಡಿಕೊಂಡಿರುವುದನ್ನು ಅಮೆರಿಕದ ಸೇಂಟ್ ಲೂಯಿಸ್‌ನ ತಂಡ 2021ರಲ್ಲಿ ತೋರಿಸಿತು. 2003ರಲ್ಲಿ ಸಾರ್ಸ್‌ನಿಂದ, ಅಂದರೆ ಇದೇ ಕುಟುಂಬದ ಇನ್ನೊಂದು ವೈರಸ್ ತಂದ ಕಾಯಿಲೆಯಿಂದ, ಬದುಕಿದವರ ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಹದಿನೇಳು ವರ್ಷದ ನಂತರವೂ ಆ ವೈರಸನ್ನು ಗುರುತು ಹಿಡಿಯುತ್ತಿದ್ದವು. ಟಿ ಕೋಶಗಳು ಸೋಂಕನ್ನು ಬಾಗಿಲಲ್ಲೇ ತಡೆಯಲಾರವು, ಸೋಂಕಿತ ಕೋಶಗಳನ್ನು ಹುಡುಕಿ ಮುಗಿಸುತ್ತವೆ. ವೈರಸ್ ಮುಳ್ಳು ಬದಲಿಸಿದರೂ ಅವುಗಳ ಕಣ್ಣಿಗೆ ಬೀಳುವ ತುಣುಕುಗಳು ಸಾಕಷ್ಟು ಉಳಿದಿರುತ್ತವೆ.

ಇಡೀ ವಿಷಯವನ್ನು ಬಯಲಿಗೆ ತಂದದ್ದು ಓಮೈಕ್ರಾನ್. ಭಾರತದ ಮೊದಲ ಎರಡು ಪ್ರಕರಣಗಳು ಪ್ರಕಟವಾದದ್ದು ಬೆಂಗಳೂರಿನಿಂದಲೇ, 2021ರ ಡಿಸೆಂಬರ್ 2ರಂದು. ಅವರಲ್ಲಿ ಒಬ್ಬರು ಎರಡೂ ಡೋಸ್ ಲಸಿಕೆ ಪಡೆದಿದ್ದ, ವಿದೇಶಕ್ಕೆ ಹೋಗಿರದ ವೈದ್ಯರು. ಅದರ ಮುಳ್ಳಿನಲ್ಲಿ ಮೂವತ್ತಕ್ಕೂ ಹೆಚ್ಚು ಬದಲಾವಣೆಗಳಿದ್ದವು. ಕತಾರ್‌ನ ಅಧ್ಯಯನವೊಂದರ ಪ್ರಕಾರ ಹಳೆಯ ಸೋಂಕು ಡೆಲ್ಟಾದ ಮರುಸೋಂಕಿನ ವಿರುದ್ಧ ಶೇ 92ರಷ್ಟು ರಕ್ಷಣೆ ಕೊಡುತ್ತಿತ್ತು, ಓಮೈಕ್ರಾನ್ ಎದುರು ಅದು ಶೇ 56ಕ್ಕೆ ಕುಸಿಯಿತು. 2023ರಲ್ಲಿ 19 ದೇಶಗಳ 65 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಚಿತ್ರ ಇನ್ನೂ ನಿಚ್ಚಳವಾಯಿತು. ಹಳೆಯ ಸೋಂಕಾಗಿ ನಲವತ್ತು ವಾರ ಕಳೆದ ಮೇಲೆ ಓಮೈಕ್ರಾನ್ ತಗುಲದಂತೆ ಕಾಯುವ ಶಕ್ತಿ ಶೇ 36ರ ಆಸುಪಾಸು, ಅದು ತೀವ್ರ ಕಾಯಿಲೆಯಾಗದಂತೆ ಕಾಯುವ ಶಕ್ತಿ ಶೇ 89ರ ಆಸುಪಾಸು. ಥುಸಿಡಿಡೀಸನ ವಾಕ್ಯದ ಎರಡು ಅರ್ಧಗಳಿಗೆ ಎರಡು ಅಂಕಿ ಸಿಕ್ಕಂತಾಯಿತು.

‘ಹಾಗಾದರೆ ಲಸಿಕೆ ಯಾಕೆ, ಬಂದು ಹೋಗಲಿ ಬಿಡಿ’ ಎನ್ನುವವರು ಈಗಲೂ ಇದ್ದಾರೆ. ಸೋಂಕಿನಿಂದ ಸಿಗುವ ರಕ್ಷಣೆ ಕಡಿಮೆಯದೇನಲ್ಲ, ಆದರೆ ಅದರ ಶುಲ್ಕವನ್ನು ಮೊದಲೇ ಕಟ್ಟಬೇಕು, ಎಷ್ಟೆಂದು ಯಾರೂ ಮುಂಚೆ ಹೇಳುವುದಿಲ್ಲ. ಸೋಂಕು, ಲಸಿಕೆ ಎರಡೂ ಆದವರ ರಕ್ಷಣೆ ಹೆಚ್ಚು ಗಟ್ಟಿ. ಗುಣವಾದವರೂ ಮೂರು ತಿಂಗಳು ಬಿಟ್ಟು ಲಸಿಕೆ ಹಾಕಿಸಿಕೊಳ್ಳಿ ಎಂದು ಕೇಂದ್ರ ಸರ್ಕಾರ 2021ರ ಮೇ ತಿಂಗಳಲ್ಲಿ ಹೇಳಿದ್ದು ಈ ಲೆಕ್ಕಕ್ಕೇ ಹೊಂದುತ್ತದೆ. ಎರಡನೇ ಸಲ ಹಗುರವೇ ಎಂದರೆ, ಬಹುತೇಕರಿಗೆ ಹೌದು. ವಯಸ್ಸಾದವರ ಮಾತು ಬೇರೆ. 2020ರ ಡೆನ್ಮಾರ್ಕಿನ ಅಂಕಿಗಳಲ್ಲಿ ಮರುಸೋಂಕಿನ ವಿರುದ್ಧದ ರಕ್ಷಣೆ ಒಟ್ಟಾರೆ ಶೇ 80ರಷ್ಟಿದ್ದರೆ, 65 ದಾಟಿದವರಲ್ಲಿ ಶೇ 47 ಮಾತ್ರ. ಕಷಾಯದ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಒಂದೇ. ಕುಡಿಯಿರಿ, ಗಂಟಲಿಗೆ ಹಿತ. ಆದರೆ ವೈರಸ್‌ನ ಮುಳ್ಳಿನ ಗುರುತನ್ನು ಟಿ ಕೋಶಕ್ಕೆ ಕಲಿಸಿಕೊಡುವ ಮೆಣಸು ಇನ್ನೂ ಬೆಳೆದಿಲ್ಲ.

ತೋಳಿಗೆ ಚುಚ್ಚಿದ ಲಸಿಕೆ ರಕ್ತವನ್ನು ಚೆನ್ನಾಗಿ ಕಾಯುತ್ತದೆ, ಮೂಗಿನ ಒಳಪದರವನ್ನು ಅಷ್ಟಾಗಿ ಅಲ್ಲ. ಭಾರತ್ ಬಯೋಟೆಕ್ 2023ರ ಜನವರಿ 26ರಂದು ಬಿಡುಗಡೆ ಮಾಡಿದ ಮೂಗಿನ ಹನಿ ಲಸಿಕೆಯ ಹಿಂದಿದ್ದದ್ದು ಇದೇ ಯೋಚನೆ. ಅಷ್ಟರಲ್ಲಿ ಜನಕ್ಕೆ ಲಸಿಕೆಯ ಮೇಲಿನ ಆಸಕ್ತಿಯೇ ಬತ್ತಿತ್ತು.

ನೆಗಡಿಯ ನಾಲ್ಕು ಕೊರೊನಾಗಳಲ್ಲಿ ಒಂದರ ಹೆಸರು ಒಸಿ43. ಅದು ದನಗಳಿಂದ ಮನುಷ್ಯರಿಗೆ ದಾಟಿದ್ದು 1890ರ ಸುಮಾರಿಗೆ ಎಂದು ವಂಶವಾಹಿಯ ಲೆಕ್ಕಾಚಾರಗಳು ಸೂಚಿಸುತ್ತವೆ. 1889ರಲ್ಲಿ ಶುರುವಾಗಿ ಜಗತ್ತನ್ನೇ ಸುತ್ತಿ ಲಕ್ಷಾಂತರ ಜನರನ್ನು ಕೊಂದ ‘ರಷ್ಯನ್ ಫ್ಲೂ’ ಫ್ಲೂ ಆಗಿರಲಿಲ್ಲ, ಇದೇ ಇರಬಹುದು ಎಂಬ ಊಹೆಯೂ ಇದೆ. ಸಾಬೀತಾಗಿಲ್ಲ. ಇಂದು ಒಸಿ43 ಬಹುತೇಕ ಮಕ್ಕಳಿಗೆ ಐದು ವರ್ಷ ತುಂಬುವುದರೊಳಗೆ ಒಮ್ಮೆಯಾದರೂ ಬಂದು, ಮೂಗು ಸೋರಿಸಿ ಹೋಗಿರುತ್ತದೆ. ಆಮೇಲೂ ಬರುತ್ತಲೇ ಇರುತ್ತದೆ. ನನ್ನ ದೊಡ್ಡಮ್ಮನಿಗೂ ಎಷ್ಟೋ ಸಲ ಬಂದಿರಬೇಕು, ಅದನ್ನು ಅವರು ನೆಗಡಿ ಎಂದು ಕರೆದು ಮೆಣಸಿನ ಸಾರು ಕುಡಿದು ಮಲಗಿದ್ದಾರೆ. 2020ರ ವೈರಸ್ ಮಾತ್ರ ಅವರಿಗೆ ಮೊದಲ ಸಲ ಎದುರಾದದ್ದು ಎಪ್ಪತ್ತೆರಡನೇ ವಯಸ್ಸಿನಲ್ಲಿ.