ಬಂದರೇ ಕ್ರೀಡಾಗ್ರಾಮವಾದ ಊರು ನೇಪಲ್ಸ್

2019ರ ಜುಲೈನಲ್ಲಿ ಭಾರತದ ಓಟಗಾರ್ತಿ ದ್ಯುತಿ ಚಾಂದ್ 100 ಮೀಟರ್ ಓಟವನ್ನು 11.32 ಸೆಕೆಂಡಿನಲ್ಲಿ ಮುಗಿಸಿ ವಿಶ್ವವಿದ್ಯಾಲಯಗಳ ಜಾಗತಿಕ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಎರಡನೆಯವರು ಹಿಂದೆ ಬಿದ್ದದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಬಳ್ಳಾರಿಯ ಕಾಲೇಜು ಮೈದಾನಗಳಲ್ಲಿ ಓಡುವ ಮಕ್ಕಳು ಆ ಓಟದ ಜೊತೆಗೆ ಅದು ನಡೆದ ಊರಾದ ಇಟಲಿಯ ನೇಪಲ್ಸನ್ನೂ ತಿಳಿಯಬೇಕು.

ಯೂನಿವರ್ಸಿಯಾಡ್ ಹೆಸರಿನಲ್ಲಿ ಈ ಕೂಟ ಶುರುವಾದದ್ದು ಇಟಲಿಯ ಟ್ಯೂರಿನ್‌ನಲ್ಲಿ, 1959ರಲ್ಲಿ. 2019ರ ಸರದಿ ಮೊದಲು ನೇಪಲ್ಸ್‌ನದಾಗಿರಲಿಲ್ಲ. 2013ರಲ್ಲಿ ಬ್ರೆಜಿಲ್‌ನ ಬ್ರೆಸಿಲಿಯಾ ಆಯ್ಕೆಯಾಗಿತ್ತು; ಹಣದ ಅಡಚಣೆಯಿಂದ ಅದು ಕೈಬಿಟ್ಟಿತು. 2016ರ ಮಾರ್ಚ್‌ನಲ್ಲಿ ಹೊಣೆ ನೇಪಲ್ಸ್ ಹೆಗಲಿಗೆ ಬಿದ್ದಾಗ ಉಳಿದದ್ದು ಮೂರು ವರ್ಷ, ಮೂರು ತಿಂಗಳು ಚಿಲ್ಲರೆ.

ಗ್ರೀಕರು ನೆಲೆಗೊಳಿಸಿದ ಹಳೆಯ ಬಂದರು ಇದು. ಇಲ್ಲಿನ ವಿಶ್ವವಿದ್ಯಾಲಯ 1224ರದು. ಒಂದು ಮಗ್ಗುಲಿಗೆ ವೆಸುವಿಯಸ್ ಜ್ವಾಲಾಮುಖಿ, ಎದುರಿಗೆ ಸಮುದ್ರ, ನಡುವೆ ಒತ್ತಿ ಕಟ್ಟಿದ ಮನೆಗಳು. ಸಾವಿರಾರು ಆಟಗಾರರಿಗೆ ಹೊಸ ಬಡಾವಣೆ ಕಟ್ಟಲು ಜಾಗವೂ ಇರಲಿಲ್ಲ, ಸಮಯವೂ ಇರಲಿಲ್ಲ. ಕೊನೆಗೆ ಎರಡು ಪ್ರವಾಸಿ ಹಡಗುಗಳನ್ನು ತಂದು ಬಂದರಿನಲ್ಲಿ ಕಟ್ಟಿ ನಿಲ್ಲಿಸಿದರು. ಮಲಗುವ ಕೋಣೆ, ಸ್ನಾನದ ಮನೆ, ಸಾವಿರ ಜನರಿಗೆ ಮೂರು ಹೊತ್ತು ಬೇಯಿಸುವ ಅಡುಗೆಮನೆ, ಎಲ್ಲವೂ ಹಡಗಿನಲ್ಲೇ ಸಿದ್ಧ. ಕೂಟ ಮುಗಿದ ಮೇಲೆ ಹಗ್ಗ ಬಿಚ್ಚಿದರಾಯಿತು, ಪಾಳುಬೀಳಲು ಖಾಲಿ ಕಟ್ಟಡಗಳೇ ಉಳಿಯುವುದಿಲ್ಲ. ಇದು ಜಾಣತನದ ತೀರ್ಮಾನವೆಂದೇ ನಮ್ಮ ಅಭಿಪ್ರಾಯ. ಇಕ್ಕಟ್ಟೂ ಇತ್ತು: ಹಡಗಿನ ಕೋಣೆ ಚಿಕ್ಕದು, ಆರೂವರೆ ಅಡಿ ಎತ್ತರದ ಆಟಗಾರ ಕಾಲು ಮಡಚಿಕೊಂಡೇ ಮಲಗಬೇಕು. ಉಳಿದವರು ಕಸೆರ್ತಾ ಮತ್ತು ಸಾಲೆರ್ನೊ ಕಡೆ ತಂಗಿದರು. ನಮ್ಮ ಲೆಕ್ಕದಲ್ಲಿ ಕಸೆರ್ತಾ ಎಂದರೆ ಬಳ್ಳಾರಿಯಿಂದ ತೋರಣಗಲ್ಲಿನಷ್ಟು, ಸಾಲೆರ್ನೊ ಹೆಚ್ಚುಕಡಿಮೆ ಹೊಸಪೇಟೆಯಷ್ಟು ದೂರ. ಓಟಗಳಿಗಾಗಿ ಹೊಸ ಕ್ರೀಡಾಂಗಣ ಕಟ್ಟಲಿಲ್ಲ, ಹಳೆಯ ಸಾನ್ ಪಾವೊಲೊವನ್ನೇ ದುರಸ್ತಿ ಮಾಡಿದರು. 2020ರಿಂದ ಅದಕ್ಕೆ ಫುಟ್‌ಬಾಲ್ ಆಟಗಾರ ಮರಡೋನಾ ಹೆಸರು.

ಬಳ್ಳಾರಿ ಕಡೆಯವರು ಮೋಸಹೋಗುವುದು ಹವೆಯಲ್ಲಿ. ನೇಪಲ್ಸ್‌ನಲ್ಲಿ ಜುಲೈ ಹಗಲು 30 ಡಿಗ್ರಿ ಆಸುಪಾಸು. ಮೇ ತಿಂಗಳಲ್ಲಿ 40 ದಾಟುವ ಬಿಸಿಲಿನಲ್ಲಿ ಓಡಿದವರಿಗೆ ಅದೇನು ಮಹಾ ಎನಿಸುತ್ತದೆ. ಆದರೆ ನಮ್ಮದು ಒಣ ಬಿಸಿಲು. ಬೆವರು ಹಾಗೇ ಆರಿ ಮೈ ತಂಪಾಗುತ್ತದೆ, ಬನಿಯನ್ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿಯುತ್ತದೆ. ಕರಾವಳಿಯಲ್ಲಿ ಗಾಳಿಯೇ ಹಸಿ. ಬೆವರು ಆರದೆ ತೊಟ್ಟಿಕ್ಕುತ್ತದೆ, ಒಳಗಿನ ಕಾವು ಇಳಿಯುವುದಿಲ್ಲ. ಎರಡನೇ ಸುತ್ತಿನಲ್ಲಿ ಕಾಲು ಹಿಡಿದುಕೊಂಡ ಮೇಲೆ ನೀರು ಕುಡಿದು ಪ್ರಯೋಜನವಿಲ್ಲ. ಅಭ್ಯಾಸಕ್ಕೆ ಮುಂಚೆ ಮತ್ತು ನಂತರ ತೂಕ ನೋಡಬೇಕು. ಇಳಿದ ಪ್ರತಿ ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್ ದ್ರವ ಬೇಕು, ಅದೂ ಒಂದೇ ಗುಕ್ಕಿಗಲ್ಲ. ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಅರ್ಧ ಲೀಟರಿಗೆ ಕಲಸಿದರೆ ಹೊಟ್ಟೆ ಕೆಡುತ್ತದೆ. ಹಸಿ ಹವೆಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಮಂಗಳೂರು ಅಥವಾ ಕಾರವಾರದಲ್ಲಿ ಎರಡು ವಾರ ಶಿಬಿರ ಮಾಡಿದರೆ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಸಮಯದ ವ್ಯತ್ಯಾಸ ಮೂರೂವರೆ ಗಂಟೆ. ಮೂರು ನಾಲ್ಕು ದಿನ ಮುಂಚೆ ತಲುಪಿದರೆ ನಿದ್ದೆ ಸರಿಹೋಗುತ್ತದೆ.

ಇಂಥ ಕೂಟದ ದಾರಿ ಅಂತರ ಕಾಲೇಜು ಸ್ಪರ್ಧೆಯಿಂದ ಶುರು. ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ, ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಕಣ್ಣಿಗೆ ಬಿದ್ದರೆ ಆಯ್ಕೆ ಶಿಬಿರದ ಕರೆ ಬರಬಹುದು. ವಯಸ್ಸಿನ ಮೇಲಿನ ಮಿತಿ ಮೊದಲು 28 ಇತ್ತು, ಈಗ 25. ಓದುತ್ತಿರಬೇಕು, ಇಲ್ಲವೇ ಪದವಿ ಮುಗಿಸಿ ಹೆಚ್ಚು ದಿನ ಆಗಿರಬಾರದು.

ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕೆ. ಮಂಜುನಾಥ’ ಎಂದು ಇನಿಷಿಯಲ್ ಮಾತ್ರ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಿರುತ್ತದೆ, ಕಾಲೇಜಿನ ಪತ್ರದಲ್ಲಿ ಮತ್ತೊಂದು ರೂಪ. ಮೂರೂ ಒಂದಾಗಲು ತಿಂಗಳುಗಳೇ ಹಿಡಿಯುತ್ತವೆ. ಪದವಿಯ ಮೊದಲ ವರ್ಷದಲ್ಲೇ ಇದನ್ನು ಸರಿಪಡಿಸಿಕೊಳ್ಳಬೇಕು. ಯುರೋಪಿನ ವೀಸಾಕ್ಕೆ ಬೆರಳಚ್ಚು ಕೊಡಬೇಕು, 30,000 ಯೂರೊ ವಿಮೆ ಬೇಕು, ಅಲ್ಲಿಂದ ಹೊರಟ ಮೇಲೂ ಪಾಸ್‌ಪೋರ್ಟಿಗೆ ಮೂರು ತಿಂಗಳ ಅವಧಿ ಉಳಿದಿರಬೇಕು. ಅಲ್ಲಿಗೆ ತಲುಪಿದ ಮೇಲೂ ಆಡುವವರ ಹೆಸರಿನ ಪಟ್ಟಿಯ ಮೇಲೆ ಕಣ್ಣಿಟ್ಟಿರಬೇಕು. 2025ರಲ್ಲಿ ಜರ್ಮನಿಯ ರೈನ್-ರೂರ್ ಕೂಟಕ್ಕೆ ಭಾರತದಿಂದ 12 ಬ್ಯಾಡ್ಮಿಂಟನ್ ಆಟಗಾರರು ಹೋಗಿದ್ದರು. ಮಿಶ್ರ ತಂಡದ ಪಟ್ಟಿಗೆ ಸೇರಿದ್ದು ಆರು ಹೆಸರು ಮಾತ್ರ.